ಅಜ್ಜ ನೀರು ಮುಟ್ಟದ ದಿನಗಳು

ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಪೇಟೆಯ ಪಾರ್ಲರಿನಲ್ಲಿ ಗಿರಾಕಿಗಳ ತಲೆ ತೊಳೆಯುತ್ತಿದ್ದಳು. ಕತ್ತರಿ ಹಿಡಿಯುವವರು ಬೇರೆ. ಅತ್ತೆಯದು ಹಿಂಬದಿಯ ಬೇಸಿನ್ನು, ನಲ್ಲಿ, ಶಾಂಪೂ ಅಷ್ಟೇ. ತಲೆಗೆ ಹಾಕುವ ಮುಂಚೆ ನೀರನ್ನು ತನ್ನ ಮಣಿಕಟ್ಟಿನ ಮೇಲೆ ಬಿಟ್ಟುಕೊಂಡು ಬಿಸಿ ನೋಡುತ್ತಿದ್ದಳು. ಗಿರಾಕಿಗಳು ಕಣ್ಣು ಮುಚ್ಚಿಕೊಂಡು ಮನೆಯ ಗುಟ್ಟನ್ನೆಲ್ಲ ಅವಳ ಮುಂದೆ ಬಾಯಿಬಿಡುತ್ತಿದ್ದರಂತೆ.

ಆಗ ಅತ್ತೆ ನಮ್ಮ ಜೊತೆಗೇ ಇದ್ದಳು. ಅಜ್ಜನೂ ಇದ್ದ. ಬಸ್ ಕಂಡಕ್ಟರಾಗಿ ಊರನ್ನೆಲ್ಲ ಗದರಿಸಿಕೊಂಡಿದ್ದ ಅಜ್ಜನಿಗೆ ಪಾರ್ಶ್ವವಾಯು ಹೊಡೆದು ಎಡಗೈ, ಎಡಗಾಲು ಸೋತಿದ್ದವು. ಗತ್ತು ಮಾತ್ರ ಸೋತಿರಲಿಲ್ಲ.

ಆ ಬೇಸಿಗೆಯಲ್ಲಿ ಅಜ್ಜ ಮಂಕಾದ. ತುಟಿ ಒಡೆಯಿತು. ಒಂದು ಬೆಳಿಗ್ಗೆ ನನ್ನನ್ನೇ ಯಾರೆಂದು ಕೇಳಿದ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಡಾಕ್ಟರು, "ಮೈಯಲ್ಲಿ ನೀರೇ ಇಲ್ವಲ್ಲ! ಕುಡಿಯೋಕೆ ಕೊಡ್ತಿಲ್ವಾ?" ಎಂದರು. ಅಮ್ಮನ ಮುಖ ಚಿಕ್ಕದಾಯಿತು. ದಿನಾ ತಂಬಿಗೆ ತುಂಬಿ ಇಡುತ್ತಿದ್ದವಳು ಅವಳೇ, ಸಂಜೆ ಖಾಲಿಯಾಗಿರುತ್ತಿದ್ದುದನ್ನು ನೋಡುತ್ತಿದ್ದವಳೂ ಅವಳೇ.

ಮನೆಗೆ ಬಂದಾಗ ಅತ್ತೆ ಅಜ್ಜನ ಮಂಚದ ಪಕ್ಕದ ಕಿಟಕಿಯನ್ನು ನೋಡಿದಳು. ಅಲ್ಲಿದ್ದ ಕುಂಡದ ಗಿಡ, ಆ ಸುಡುಬಿಸಿಲಲ್ಲೂ ಹಸಿರು ಉಕ್ಕಿಸುತ್ತಿತ್ತು. ಮಣ್ಣು ಮುಟ್ಟಿ ನೋಡಿದಳು, ಒದ್ದೆ. ಅಜ್ಜನನ್ನು ಬೈಯಲಿಲ್ಲ. ಕುರ್ಚಿಯನ್ನು ಬಚ್ಚಲಿನ ಹತ್ತಿರ ಎಳೆದು, ಅಜ್ಜನನ್ನು ಕೂರಿಸಿ, ಕತ್ತಿಗೆ ಟವೆಲ್ ಸುತ್ತಿ, ತಲೆ ಹಿಂದಕ್ಕೆ ಬಾಗಿಸಿದಳು.

"ನಾನೇನು ನಿನ್ನ ಗಿರಾಕಿನಾ?" ಎಂದು ಅಜ್ಜ ಗೊಣಗಿದ.

"ಹೌದು. ಸುಮ್ನೆ ಕಣ್ಣು ಮುಚ್ಕೊ."

ಉಗುರುಬೆಚ್ಚಗಿನ ನೀರು ನೆತ್ತಿಯ ಮೇಲೆ ಇಳಿಯಿತು. ಅತ್ತೆಯ ಬೆರಳುಗಳು ನಿಧಾನವಾಗಿ ಆಡಿದವು. ಅಜ್ಜನ ಹುಬ್ಬಿನ ಗಂಟು ಬಿಚ್ಚಿತು. ಎಷ್ಟೋ ಹೊತ್ತಿನ ಮೇಲೆ ಅತ್ತೆ ಮೆಲ್ಲಗೆ, "ಯಾಕಪ್ಪ ಕುಡಿತಿಲ್ಲ?" ಎಂದಳು.

"ಕುಡಿದ್ರೆ ಎದ್ದು ಹೋಗ್ಬೇಕು. ಹೋಗ್ಬೇಕಾದ್ರೆ ಸೊಸೇನ ಕೂಗ್ಬೇಕು." ಅಜ್ಜ ಕಣ್ಣು ತೆರೆಯಲಿಲ್ಲ. "ನಂಗಾಗಲ್ಲ ಕಣಮ್ಮ."

ಅತ್ತೆ ನೊರೆ ತೊಳೆದಳು. ಆ ವಾರವೇ ಅಪ್ಪನ ಬೆನ್ನುಬಿದ್ದು, ಮಂಚದಿಂದ ಬಚ್ಚಲಿನವರೆಗೆ ಎರಡೂ ಬದಿಯ ಗೋಡೆಗೆ ಕಬ್ಬಿಣದ ಕಂಬಿ ಹಾಕಿಸಿದಳು. ಹೋಗುವಾಗ ಒಂದು, ಬರುವಾಗ ಇನ್ನೊಂದು, ಬಲಗೈಗೇ ಸಿಗುವಂತೆ.

"ಕಂಬಿ ಹಿಡ್ಕೊಳ್ರೀ ಅಂತ ಊರಿಗೆಲ್ಲ ಹೇಳಿದೋನು ನಾನು," ಎಂದು ಅಜ್ಜ ಕಂಬಿ ಹಿಡಿದ. ನಾವೆಲ್ಲ ನೋಡುತ್ತಿದ್ದೆವು. ಕಾಲೆಳೆದುಕೊಂಡು ಒಬ್ಬನೇ ಹೋಗಿ, ಬಾಗಿಲು ಹಾಕಿಕೊಂಡು, ಒಳಗಿನಿಂದ "ರೈಟ್, ರೈಟ್!" ಎಂದು ಕೂಗಿದ. ಅಮ್ಮ ಸೆರಗು ಬಾಯಿಗಿಟ್ಟು ನಕ್ಕಳು, ನಗುತ್ತಲೇ ಅತ್ತಳು.

ಅಂದಿನಿಂದ ಅಜ್ಜ ತಂಬಿಗೆ ಖಾಲಿ ಮಾಡಿ, ಇನ್ನಷ್ಟು ಕೇಳತೊಡಗಿದ. ಇನ್ನೂ ಕೆಲವು ವರ್ಷ ನಮ್ಮನ್ನು ಗದರಿಸಿಕೊಂಡೇ ಬಾಳಿದ.

ಅತ್ತೆಗೆ ಈಗ ವಯಸ್ಸಾಗಿದೆ. ವರ್ಷಗಟ್ಟಲೆ ಬೇಸಿನ್ನಿನ ಮುಂದೆ ನಿಂತ ಕಾಲು ಸಂಜೆಯಾದರೆ ಊದಿಕೊಳ್ಳುತ್ತದೆ. ಮೊನ್ನೆ ಅವಳ ಮನೆಗೆ ಹೋದಾಗ ಬಕೆಟ್ಟಿನಲ್ಲಿ ನೀರು ತಂದು ಅವಳ ಪಾದಗಳನ್ನು ಅದರಲ್ಲಿ ಇಳಿಬಿಟ್ಟೆ. "ನೀನ್ಯಾಕೆ ಇದನ್ನೆಲ್ಲ..." ಎನ್ನುತ್ತಿದ್ದವಳು, ಮಾತಿನ ನಡುವೆಯೇ ಕುರ್ಚಿಗೊರಗಿ ನಿದ್ದೆಹೋದಳು.