ಮೊದಲ ತುತ್ತು ಎತ್ತುವವರು

ನಮ್ಮ ಮನೆಯಲ್ಲಿ ಊಟಕ್ಕೊಂದು ಕಟ್ಟಳೆಯಿದೆ. ಬಡಿಸಿದ ಮೇಲೆ ಮನೆಯ ಹಿರಿಯ ಮೊದಲ ತುತ್ತು ಎತ್ತಬೇಕು. ಅಲ್ಲಿಯ ತನಕ ಉಳಿದವರು ತೊಡೆಯ ಮೇಲೆ ಕೈಯಿಟ್ಟು ಕಾಯಬೇಕು. ನಾನು ಬೆಳೆದದ್ದು ಮಠದ ಪ್ರಸಾದ ನಿಲಯದಲ್ಲಿ. ಅಲ್ಲಿಯ ಶಿಸ್ತನ್ನು ಕೊಟ್ಟೂರಿನ ಈ ಮನೆಗೂ ತಂದೆ. ಮಗ ಕಲಿತ, ಸೊಸೆ ಕಲಿತಳು, ಮೊಮ್ಮಗಳು ಮಾತು ಬರುವ ಮುಂಚೆಯೇ ಕಲಿತಳು.

ಈ ಜೂನ್‌ನಲ್ಲಿ ಅವಳನ್ನು ಅಂಗನವಾಡಿ ಬಿಡಿಸಿ ಒಂದನೇ ತರಗತಿಗೆ ಹಾಕಿದೆವು. ಎರಡೂ ಒಂದೇ ಕಾಂಪೌಂಡಿನಲ್ಲಿವೆ, ನಡುವೆ ಒಂದು ಬೇವಿನ ಮರ. ಹತ್ತಿರವಿದ್ದದ್ದೇ ಕಷ್ಟವಾಯಿತು. ಗಂಟೆ ಬಾರಿಸಿದಾಗಲೆಲ್ಲ ಅವಳು ಹಳೆಯ ಬಾಗಿಲಿಗೆ ಓಡುತ್ತಿದ್ದಳು. ಅಂಗನವಾಡಿ ಟೀಚರ್ ಕೈಹಿಡಿದು ತಂದು ಬಿಡುತ್ತಿದ್ದರು. ಕೊನೆಗೆ ಅವರೂ ಒಳಗಿನಿಂದ ಚಿಲಕ ಹಾಕಿಕೊಂಡರು.

ಶಾಲೆಯಲ್ಲಿ ಮೊದಲ ದಿನದಿಂದಲೂ ಅವಳು ಉಣ್ಣಲಿಲ್ಲ. ಬಿಸಿಯೂಟದ ತಟ್ಟೆಯ ಮುಂದೆ ಸುಮ್ಮನೆ ಕೂರುತ್ತಾಳೆಂದು ಸುದ್ದಿ ಬಂತು. ಮನೆಯಿಂದ ಕಳಿಸಿದ ಡಬ್ಬಿ ಹೋದ ಹಾಗೇ ಮರಳಿತು. ಡಾಕ್ಟರು ಜಂತುಹುಳದ ಔಷಧ ಕೊಟ್ಟರು. ಸೊಸೆ ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ಕೇಳಿದರೆ ಮಗು ಒಂದೇ ಮಾತು ಹೇಳುತ್ತಿತ್ತು: "ಅಂಗನವಾಡಿಗೇ ಕಳಿಸ್ರಿ." ರಾತ್ರಿ ಮನೆಯಲ್ಲಿ ನಮ್ಮ ಜೊತೆ ಉಂಡರೂ ಲಂಗ ಸೊಂಟದಲ್ಲಿ ನಿಲ್ಲದೆ ಪಿನ್ನು ಹಾಕಬೇಕಾಯಿತು. ಒಂದು ದಿನ ನಲ್ಲಿಯ ಹತ್ತಿರ ಕಣ್ಣು ಕತ್ತಲೆ ಬಂದು ಬಿದ್ದಳು.

ಶಾಲೆಯ ಟೀಚರ್ ನನ್ನನ್ನು ಕರೆಸಿದರು.

"ಅಜ್ಜಾರ, ಹಿಂಗಾದ್ರ ನಾ ಹೆಂಗ ಇಟ್ಕಳ್ಳಿ? ಈ ವರ್ಷ ಮನ್ಯಾಗ ಇಟ್ಕಂಡು ಮುಂದಿನ ವರ್ಷ ಕರ್ಕಂಡ್ ಬರ್ರಿ."

"ಅವ್ಳ ತಾಯಿ ಕೆಲ್ಸಕ್ಕ ಹೋಗ್ತಾಳ್ರಿ, ನಾನೂ ಮಗನೂ ಅಂಗಡ್ಯಾಗ ಇರ್ತೀವಿ. ಅಂಗನವಾಡ್ಯಾಗ ವಯಸ್ಸು ಮುಗದೈತಿ ಅಂತಾರ. ಎಲ್ಲಿ ಬಿಡೂಣ್ರಿ?"

"ಗಲ್ಲ ಹಿಡಿದು ಉಣ್ಣು ಅಂದೀನಿ, ಗದರ್ಸೀನಿ. ಬಾಯಿ ತೆಗಿಯಂಗಿಲ್ಲ. ಇಂಥಾ ಹಟಮಾರಿ ನಾ ನೋಡಿಲ್ಲ ಬಿಡ್ರಿ."

ಅಂದು ಮಧ್ಯಾಹ್ನ ನಾನು ಬೇವಿನ ಮರದ ಹಿಂದೆ ನಿಂತು ನೋಡಿದೆ. ವರಾಂಡದಲ್ಲಿ ಮಕ್ಕಳು ಸಾಲಾಗಿ ಕೂತು ಗಬಗಬ ಉಣ್ಣುತ್ತಿದ್ದರು. ನಮ್ಮ ಮಗು ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ತೊಡೆಯ ಮೇಲಿಟ್ಟು, ನಿಂತಿದ್ದ ಟೀಚರ್ ಮುಖವನ್ನೇ ನೋಡುತ್ತಿತ್ತು. ಆ ಕೂರುವ ರೀತಿ ನನ್ನ ಮನೆಯದು. ಅವಳು ಹಟ ಮಾಡುತ್ತಿರಲಿಲ್ಲ, ಕಾಯುತ್ತಿದ್ದಳು.

ಅಂಗನವಾಡಿಯಲ್ಲಿ ವಿಚಾರಿಸಿದೆ. ಅಲ್ಲಿಯ ಟೀಚರ್ ಮಕ್ಕಳ ಎದುರೇ ಒಂದು ತುತ್ತು ರುಚಿ ನೋಡಿ "ಹೂಂ, ಉಣ್ರಿ" ಅನ್ನುತ್ತಿದ್ದರು. ಅದನ್ನು ಹೇಳಿದಾಗ ಶಾಲೆಯ ಟೀಚರ್ ನಕ್ಕುಬಿಟ್ಟರು. "ನಾನೂ ರುಚಿ ನೋಡ್ತೀನ್ರಿ, ಅಡಿಗಿ ಮನ್ಯಾಗ. ಇವ್ಳಿಗೆ ಕಾಣಾಂಗಿಲ್ಲ ಅಷ್ಟೆ." ಆದರೂ ಮರುದಿನ ಅವಳ ಮುಂದೆ ನಿಂತು ಒಂದು ತುತ್ತು ಬಾಯಿಗೆ ಹಾಕಿಕೊಂಡರು. ಮಗು ತಟ್ಟೆ ಬಳಿದು ಉಂಡಿತು.

ಅದರ ಮರುದಿನ ಟೀಚರಿಗೆ ತರಬೇತಿ. ಬೇರೊಬ್ಬರು ನೋಡಿಕೊಂಡರು. ಕೈ ಮತ್ತೆ ತೊಡೆಯ ಮೇಲೆ ಉಳಿಯಿತು. ಸಂಜೆ ಟೀಚರ್ ಫೋನ್ ಮಾಡಿದರು: "ದಿನಾ ನಾನ ಇರ್ತೀನೇನ್ರಿ? ಮನ್ಯಾಗ ಕಲ್ಸಿದ್ದನ್ನ ಮನ್ಯಾಗ ಬಿಡಿಸ್ರಿ. ಸೋಮವಾರ ನೋಡ್ತೀನಿ. ಆಗ್ಲಿಲ್ಲಂದ್ರ ಕರ್ಕಂಡ್ ಹೋಗ್ರಿ."

ಭಾನುವಾರ ಎಲ್ಲರೂ ಊಟಕ್ಕೆ ಕೂತೆವು. ನಾನು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

"ಇವತ್ತು ನೀ ಮೊದ್ಲು ಉಣ್ಣವ್ವ."

"ನೀ ತುತ್ತು ಎತ್ತಿಲ್ಲಲ್ಲ ತಾತ."

"ಇನ್ನ ಮ್ಯಾಲ ಹಂಗೇನಿಲ್ಲ."

"ಸುಳ್ಳು. ಆಮ್ಯಾಲ ಬೈತಿ."

"ಬಯ್ಯಂಗಿಲ್ಲವ್ವ. ನೋಡು, ನಿಮ್ಮಪ್ಪ ಉಣ್ತಾನ." ಮಗನ ಕಡೆ ತಿರುಗಿದೆ. "ಲೇ, ನೀನಾರ ಶುರು ಮಾಡಲೇ."

ಮಗ ಅನ್ನ ಕಲಸಿದ. ತುತ್ತು ಕಟ್ಟಿ ಎತ್ತಿದ. ಬಾಯಿಯ ಹತ್ತಿರ ಹೋದ ಕೈ ಅಲ್ಲೇ ನಿಂತಿತು. ನಲವತ್ತು ದಾಟಿದ ಗಂಡಸು, ಅಂಗಡಿ ನಡೆಸುವವನು, ನನ್ನ ಮುಖ ನೋಡಿದ.

"ಉಣ್ಣೋ!" ಎಂದು ಕೂಗಿದೆ. ಬೇಡಿಕೊಂಡದ್ದು ಅದು, ಬೈದ ಹಾಗೆ ಕೇಳಿಸಿತು. ಅವನು ತುತ್ತನ್ನು ತಟ್ಟೆಗೆ ಇಳಿಸಿದ.

ಮಗು ಅದನ್ನು ನೋಡಿತು. ನೋಡಿ, ಬೆನ್ನು ಇನ್ನೂ ನೆಟ್ಟಗೆ ಮಾಡಿಕೊಂಡು ಕೂತಿತು.