ಮಾವನ ಕೆಂಪು ಕಾರಿಗೆ ಅಭಿಷೇಕ

೨೦೦೧ರ ದಸರೆ ಮುಗಿದ ಮೊದಲ ಭಾನುವಾರ ನನ್ನ ಸೋದರಮಾವ ಕೊಟ್ಟೂರಿನಿಂದ ಹರಪನಹಳ್ಳಿಗೆ ಹೆಣ್ಣು ನೋಡಲು ಹೋಗಬೇಕಿತ್ತು. ಹುಡುಗಿಯ ಫೋಟೋ ಅಂಗಿಯ ಜೇಬು ಬಿಟ್ಟು ಇಳಿದಿರಲಿಲ್ಲ. ಮಧ್ಯಾಹ್ನದೊಳಗೆ ಸ್ವಂತ ಕಾರಿನಲ್ಲೇ ಬರುವುದಾಗಿ ಹೇಳಿಯೂ ಕಳಿಸಿದ್ದ. ಕಾರೆಂದರೆ ಎರಡೇ ಸೀಟಿನ, ಹೊಟ್ಟೆ ನೆಲಕ್ಕೆ ತಾಗುವಂಥ ಹಳೆಯ ಸ್ಪೋರ್ಟ್ಸ್ ಕಾರು. ಹೊಸಪೇಟೆಯಲ್ಲಿ ಯಾರೋ ಬೇಡವೆಂದದ್ದನ್ನು ಈತ ಬೇಕೆಂದು ತಂದಿದ್ದ.

ಬೆಳಿಗ್ಗೆ ಕೀಲಿ ತಿರುವಿದರೆ ‘ಟಕ್’ ಅಂದಿತು. ಅಷ್ಟೇ.

“ಅದಕ್ಕೂ ಮದುವಿ ಬ್ಯಾಡಾಗೇತಿ ನೋಡ್ರಿ,” ಎಂದರು ಎದುರುಮನೆಯ ಕಿರಾಣಿ ಅಂಗಡಿಯವರು.

ಮಾವ ಸೆಕೆಂಡ್ ಗೇರ್ ಹಾಕಿ ಕ್ಲಚ್ ಒತ್ತಿ ಕುಳಿತ. ಓಣಿಯವರೆಲ್ಲ ತಳ್ಳಿದರು. ಕ್ಲಚ್ ಬಿಟ್ಟಾಗ ಕಾರು ಬಿಕ್ಕಳಿಸಿ ನಿಂತಿತು. ತಳ್ಳುತ್ತಿದ್ದವರು ಅದರ ಮೇಲೆ ಸಾಲಾಗಿ ಬಿದ್ದರು.

ಪಾಲಿಟೆಕ್ನಿಕ್ ಓದುತ್ತಿದ್ದ ನಾನು ಒಂದೊಂದಾಗಿ ನೋಡುತ್ತ ಡೈರಿಯಲ್ಲಿ ಬರೆಯತೊಡಗಿದೆ. ಪೆಟ್ರೋಲ್: ಇದೆ. ದೀಪ: ಮಂಕು. ಕೀಲಿ ತಿರುವಿದಾಗ ದೀಪ: ಇಲ್ಲವೇ ಇಲ್ಲ. ಹಾರ್ನ್: ಕುರಿಮರಿ.

“ಅದು ಸತ್ತ ಟೈಮೂ ಬರ್ಕೊಳ್ಳವಾ,” ಎಂದ ಮಾವ.

ಮಾವ ಆಯುಧ ಪೂಜೆಗೆ ಬ್ಯಾಟರಿ ಬಿಚ್ಚಿ, ಚಾರ್ಜ್ ಮಾಡಿಸಿ, ಪೂಜೆಯಾದ ಮೇಲೆ ಮತ್ತೆ ಕೂಡಿಸಿದ್ದ. ಅಂದಿನಿಂದ ಕಾರು ಹೊರಗೆ ಹೋಗಿರಲಿಲ್ಲ. ಕರೆಂಟು ದಾರಿಯಲ್ಲೇ ಎಲ್ಲೋ ನಿಲ್ಲುತ್ತಿದೆ ಎಂದುಕೊಂಡು ಬ್ಯಾಟರಿಯ ಕ್ಲಾಂಪುಗಳನ್ನು ಸಡಿಲಿಸಿ ಎತ್ತಿದೆ. ಕ್ಲಾಂಪು ಹಿಡಿಯುವ ಎರಡೂ ಸೀಸದ ಟರ್ಮಿನಲ್ ಗುಬಟುಗಳ ಸುತ್ತ ದಪ್ಪಗೆ ಬಿಳಿ ಪುಡಿ.

“ಉಪ್ಪು ಹಿಡಿದೈತಿ,” ಎಂದೆ.

“ಉಪ್ಪಲ್ಲ, ವಿಭೂತಿ,” ಎಂದಳು ಕಟ್ಟೆಯ ಮೇಲಿದ್ದ ಅಜ್ಜಿ. “ಎರಡು ಲಿಂಗ ಬರೇ ಮೈಯಾಗ ಕುಂತಿದ್ವು. ಪೂಜಿ ದಿನ ನಾನೇ ಹಚ್ಚೀನಿ.”

“ಅವು ಲಿಂಗ ಅಲ್ಲಬೇ, ಪ್ಲಸ್ಸು ಮೈನಸ್ಸು!” ಮಾವ ಚೀರಿದ.

“ಹೆಸರು ಏನರ ಇರ್ಲಿ. ಹಚ್ಚಿದ್ದು ಒರಸಾಕ ನಾ ಬಿಡಾಂಗಿಲ್ಲ.”

ಮಾವ ಒಮ್ಮೆ ಅವಳ ಮುಖ, ಒಮ್ಮೆ ಜೇಬಿನ ಫೋಟೋ ನೋಡಿದ. ಅಳುವುದೊಂದು ಬಾಕಿ.

“ಒರಸೂದು ಬ್ಯಾಡಜ್ಜಿ,” ಎಂದೆ. “ಬಿಸಿನೀರಿನ ಅಭಿಷೇಕ ಮಾಡು.”

ಅಜ್ಜಿ ಯೋಚಿಸಿದಳು. “ಅದು ನಡಿತೈತಿ.”

ಹಂಡೆಯಿಂದ ತಂಬಿಗೆಯಲ್ಲಿ ಬಿಸಿನೀರು ತಂದು ಮಂತ್ರ ಹೇಳುತ್ತ ಸುರಿದಳು. ವಿಭೂತಿ ತಾನಾಗಿ ಇಳಿದುಹೋಯಿತು. ಒದ್ದೆ ಆರಿಸಿ ಕ್ಲಾಂಪ್ ಬಿಗಿದು ಕೀಲಿ ತಿರುವಿದರೆ ಕಾರು ಗುಡುಗಿತು. ಅಜ್ಜಿ ಎರಡನೇ ಸೀಟು ಹಿಡಿದಳು. ನಾನು ಹಿಂದೆ ಚೀಲ ಇಡುವ ಸಂದಿಯಲ್ಲಿ ಮಡಚಿಕೊಂಡೆ.

ಹರಪನಹಳ್ಳಿಯಲ್ಲಿ ಮಾವ ಹೆದರಿ ಎಂಜಿನ್ ಬಂದ್ ಮಾಡಲೇ ಇಲ್ಲ. ಬಾಗಿಲ ಮುಂದೆ ಅದು ಗುಡುಗುತ್ತಿದ್ದರೆ ಒಳಗೆ ಉಪ್ಪಿಟ್ಟಿನ ತಟ್ಟೆಗಳು ನಡುಗುತ್ತಿದ್ದವು.

“ಏನು ಓದೀಯವಾ?” ಅಜ್ಜಿ ಹುಡುಗಿಯನ್ನು ಕೂಗಿ ಕೇಳಿದಳು.

“ಆಂ?”

ಕೊನೆಗೆ ಹುಡುಗಿ ತಟ್ಟೆ ಕೆಳಗಿಟ್ಟು ಮಾವನತ್ತ ತಿರುಗಿದಳು. “ಬಂದ್ ಮಾಡ್ರಿ ಅದನ್ನ. ಮತ್ತೆ ಚಾಲೂ ಆಗ್ಲಿಲ್ಲಾಂದ್ರ ಊಟ ಮಾಡ್ಕೊಂಡೇ ಹೋಗೀರಂತ.”

ಮಾವ ಓಡಿಹೋಗಿ ಎಂಜಿನ್ ನಿಲ್ಲಿಸಿದ. ಕೀಲಿ ತಂದವನು ಅದನ್ನು ಜೇಬಿಗೆ ಹಾಕಿಕೊಳ್ಳದೆ ಹುಡುಗಿಯ ಅಪ್ಪನ ಕೈಗೆ ಕೊಟ್ಟ.