ಹೇಳದೆ ಹಾಕಿದ ಸಹಿ

ಹತ್ತನೇ ತರಗತಿ ಮುಗಿಸಿದ ಮಕ್ಕಳಿರುವ ಮನೆಗೆ ಚೆನ್ನೈಯಲ್ಲಿ ಯಾರೇ ಬಂದರೂ ಮೊದಲು ಕೇಳುವುದು ಅಂಕ, ಆಮೇಲೆ ಗ್ರೂಪ್. ಫಸ್ಟ್ ಗ್ರೂಪ್ ಎಂದರೆ ಗಣಿತ ಮತ್ತು ವಿಜ್ಞಾನ. ಅದನ್ನು ಹೇಳಿದರೆ ಬಂದವರು ಕಾಫಿ ಕುಡಿಯುತ್ತಾ ತಲೆಯಾಡಿಸುತ್ತಾರೆ. ಕಾಮರ್ಸ್ ಎಂದರೆ ಸಿ.ಎ. ಮಾಡಿಸಬಹುದಲ್ಲ ಎಂದು ತಾವೇ ಒಂದು ಸಮಾಧಾನ ಹುಡುಕಿ ಕೊಡುತ್ತಾರೆ. ಅರ್ಜಿಯ ಕೊನೆಯ ಸಾಲಿನಲ್ಲಿರುವ ವೊಕೇಶನಲ್ ಗ್ರೂಪಿನ ಹೆಸರು ಹೇಳಿದರೆ ಮಾತ್ರ ಯಾರಿಗೂ ಏನು ಹೇಳಬೇಕೆಂದು ತೋಚುವುದಿಲ್ಲ. ನನ್ನ ಮಗಳು ಆರಿಸಿಕೊಂಡದ್ದು ಅದನ್ನು. ಅದರಲ್ಲೂ ಎಲೆಕ್ಟ್ರಿಕಲ್. ವೈರಿಂಗ್ ಮಾಡುವುದು, ಮೋಟಾರು ಬಿಚ್ಚುವುದು, ಸುಟ್ಟುಹೋದ ಕಾಯಿಲ್ ತೆಗೆದು ಹೊಸದು ಸುತ್ತುವುದು.

ಅವಳು ಓದಿನಲ್ಲಿ ಹಿಂದೆ ಬಿದ್ದವಳಲ್ಲ. ಫಸ್ಟ್ ಗ್ರೂಪಿಗೆ ಬೇಕಾದಷ್ಟು ಅಂಕ ಅವಳಿಗಿತ್ತು. ಆದರೆ ಚಿಕ್ಕವಳಿದ್ದಾಗಿನಿಂದ ಅವಳ ಕಣ್ಣು ಇದ್ದದ್ದು ಯಂತ್ರಗಳ ಮೇಲೆ. ತಾಂಬರಂನ ನಮ್ಮ ಅಪಾರ್ಟ್‌ಮೆಂಟಿನ ನೀರಿನ ಮೋಟಾರು ಕೆಟ್ಟಾಗಲೆಲ್ಲ ರಿಪೇರಿಯವನ ಪಕ್ಕದಲ್ಲಿ ಕೂತಿರುತ್ತಿದ್ದಳು. ಎಂಟನೇ ಕ್ಲಾಸಿನಲ್ಲಿ ನಿಧಾನವಾಗಿ ತಿರುಗುತ್ತಿದ್ದ ಹಾಲಿನ ಫ್ಯಾನಿಗೆ ಹೊಸ ಕೆಪ್ಯಾಸಿಟರ್ ಹಾಕಿ ಓಡಿಸಿದ್ದಳು. ನನ್ನ ಹೆಂಡತಿ ಅದನ್ನು ಮೈಸೂರಿನ ಅಕ್ಕನಿಗೆ ಫೋನಿನಲ್ಲಿ ಹೇಳಿ ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಅದೇ ಅವಳ ಓದಾಗುತ್ತದೆ ಎಂದು ಇಬ್ಬರೂ ಎಣಿಸಿರಲಿಲ್ಲ.

"ಅಪ್ಪಾ, ನಂಗೆ ಫಸ್ಟ್ ಗ್ರೂಪ್ ವೇಂಡಾಂ, ಬೇಡ" ಎಂದಳು, ಫಲಿತಾಂಶ ಬಂದ ವಾರ. "ನಾನು ಯೋಚನೆ ಮಾಡಿ ಹೇಳ್ತಾ ಇರೋದು. ನೀನು ಬೈಯಬೇಡ, ಮೊದ್ಲು ಕೇಳು."

ನಾನು ಬೈಯಲಿಲ್ಲ. ಮಂಡ್ಯದ ಕಡೆಯಿಂದ ಬ್ಯಾಂಕಿನ ವರ್ಗಾವಣೆಯಲ್ಲಿ ಬಂದು ಈ ಊರಿನಲ್ಲೇ ಉಳಿದವನು ನಾನು. ತಾಂಬರಂನಿಂದ ಎಲೆಕ್ಟ್ರಿಕ್ ಟ್ರೇನು ಹಿಡಿದು ಪ್ಯಾರೀಸ್ ಕಾರ್ನರಿನ ಶಾಖೆಗೆ ಹೋಗಿಬರುತ್ತಿದ್ದೆ. ಮಕ್ಕಳನ್ನು ಹಿಂಸೆ ಮಾಡಬಾರದು, ಅವರ ಇಷ್ಟಕ್ಕೆ ಬಿಡಬೇಕು ಎಂದು ಟ್ರೇನಿನಲ್ಲಿ ಜೊತೆಯವರಿಗೆ ಉಪದೇಶ ಮಾಡುತ್ತಿದ್ದವನು ನಾನೇ. ಆ ಮಾತು ಈಗ ನನ್ನ ಮನೆಗೇ ಬಂದಿತ್ತು. ಸಹೋದ್ಯೋಗಿಗಳ ಮಕ್ಕಳೆಲ್ಲ ಕೋಚಿಂಗ್ ಸೇರಿದ್ದರು. ನನ್ನ ಮಗಳು ಸ್ಕ್ರೂಡ್ರೈವರ್ ಹಿಡಿಯುತ್ತಾಳೆ ಎಂದು ಅವರ ಮುಂದೆ ಹೇಗೆ ಹೇಳುವುದು? ಬೇಡ ಎನ್ನಲೂ ನಾಲಿಗೆ ಏಳಲಿಲ್ಲ. "ಆಗ್ಲಿ, ಸ್ಕೂಲಿಗೆ ಹೋಗಿ ನೋಡೋಣ" ಎಂದೆ.

ಅದು ನಮ್ಮ ಮನೆಗೆ ಹತ್ತಿರದ, ಸರ್ಕಾರದ ಅನುದಾನದಲ್ಲಿ ನಡೆಯುವ ಶಾಲೆ. ಹಳೆಯ ಕಟ್ಟಡದ ಹಿಂದೆ ತಗಡಿನ ಮಾಡಿನ ಉದ್ದನೆಯ ವರ್ಕ್‌ಶಾಪು. ಅಲ್ಲಿನ ಎಲೆಕ್ಟ್ರಿಕಲ್ ಮಾಸ್ತರು ವಯಸ್ಸಾದವರು. ಮಗಳು ಒಳಗೆ ಹೋದವಳೇ ಮೇಜಿನ ಮೇಲಿದ್ದ ಬಿಚ್ಚಿದ ಮೋಟಾರಿನ ಬಗ್ಗೆ ಏನೋ ಕೇಳಿದಳು. ಅವರು ಕನ್ನಡಕ ಏರಿಸಿ ಅವಳನ್ನು ಒಮ್ಮೆ ನೋಡಿ ವಿವರಿಸಲು ಶುರುಮಾಡಿದರು. ನಾನು ಅವಳನ್ನು ಅಲ್ಲೇ ಬಿಟ್ಟು ಹೆಡ್‌ಮಾಸ್ಟರ ಕೋಣೆಗೆ ಹೋದೆ.

ಹೆಡ್‌ಮಾಸ್ಟರು ಅಂಕಪಟ್ಟಿ ನೋಡಿದರು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿ ತಮಿಳಿನಲ್ಲಿ ಹೇಳಿದರು: "ಸಾರ್, ಒರು ವಿಷಯಂ ಸೊಲ್ಲಣುಂ." ನನಗೆ ಹೇಳಬೇಕಾದ ಆ ವಿಷಯ ಇದು. ಎಲೆಕ್ಟ್ರಿಕಲ್ ಮಾಸ್ತರು ಮುಂದಿನ ಬೇಸಿಗೆಗೆ ನಿವೃತ್ತರಾಗುತ್ತಾರೆ. ಅವರ ಜಾಗಕ್ಕೆ ಇನ್ನೊಬ್ಬರು ಬರುವ ಸೂಚನೆ ಇಲ್ಲ. ಆ ವಿಭಾಗವೇ ಮುಚ್ಚಿಹೋಗಬಹುದು. ನಿಮ್ಮ ಮಗಳಿಗೆ ಒಳ್ಳೆಯ ಅಂಕ ಇದೆ, ಶುಕ್ರವಾರದವರೆಗೆ ಫಸ್ಟ್ ಗ್ರೂಪಿನಲ್ಲಿ ಒಂದು ಸೀಟು ಇಟ್ಟಿರುತ್ತೇನೆ, ಮನೆಯಲ್ಲಿ ಮಾತಾಡಿ.

ಆ ಕ್ಷಣ ನನ್ನ ಮನಸ್ಸಿನಲ್ಲಿ ಆದದ್ದನ್ನು ಇಷ್ಟು ವರ್ಷಗಳಲ್ಲಿ ಬಹಳ ಸಲ ಬೇರೆ ಬೇರೆ ರೀತಿಯಲ್ಲಿ ಹೇಳಿಕೊಂಡಿದ್ದೇನೆ. ನಿಜ ಇದೇ: ನನಗೆ ಸಂತೋಷವಾಯಿತು. ನಾನು ಬೇಡ ಎನ್ನಬೇಕಾಗಿಲ್ಲ. ಒಂದು ವರ್ಷ ಅವಳ ಆಸೆ ತೀರಲಿ, ಆಮೇಲೆ ವಿಭಾಗ ತಾನೇ ಮುಚ್ಚುತ್ತದೆ, ಶಾಲೆಯವರೇ ಅವಳನ್ನು ಫಸ್ಟ್ ಗ್ರೂಪಿಗೆ ಸೇರಿಸುತ್ತಾರೆ. ನಾನು ಒಳ್ಳೆಯ ಅಪ್ಪನಾಗಿಯೇ ಉಳಿಯುತ್ತೇನೆ. ಹಾಗೆ ಸೇರಿಸಲು ಆಗುತ್ತದೆಯೇ ಎಂದು ಕೂಡ ನಾನು ಕೇಳಲಿಲ್ಲ. ಬ್ಯಾಂಕಿನಲ್ಲಿ ಸಣ್ಣ ಅಕ್ಷರಗಳನ್ನೂ ಓದಿ ಸಹಿ ಹಾಕುವವನು, ಅಲ್ಲಿ ಕೇಳದೆ ವೊಕೇಶನಲ್ ಅರ್ಜಿಗೆ ಸಹಿ ಹಾಕಿದೆ.

"ಹೆಡ್‌ಮಾಸ್ಟರ್ ಏನಂದ್ರು?" ಎಂದು ಹೊರಗೆ ಮಗಳು ಕೇಳಿದಳು.

"ಒಳ್ಳೇ ಮಾರ್ಕ್ಸ್ ಅಂದ್ರು."

ಅವಳು ನನ್ನ ತೋಳು ಹಿಡಿದುಕೊಂಡು ಬಸ್ ಸ್ಟಾಪಿನವರೆಗೂ ಮಾತಾಡುತ್ತಾ ಬಂದಳು. ಹೆಂಡತಿಗೂ ನಾನು ವಿಷಯ ಹೇಳಲಿಲ್ಲ. ಶುಕ್ರವಾರ ಬಂತು, ಹೋಯಿತು.

ಆ ಒಂದು ವರ್ಷ ನಮ್ಮ ಮನೆಯಲ್ಲಿ ಕಂಡ ಹರುಷವನ್ನು ನಾನು ಮತ್ತೆ ಕಾಣಲಿಲ್ಲ. ತರಗತಿಯಲ್ಲಿ ಒಂಬತ್ತು ಹುಡುಗರು, ಇವಳೊಬ್ಬಳೇ ಹುಡುಗಿ. ಮೊದಲ ವಾರ ಅವರು ಇವಳಿಗೆ ನೋಟ್ಸ್ ಬರೆಯುವ ಕೆಲಸ ಕೊಟ್ಟರಂತೆ. ಎರಡನೇ ವಾರ ಇವಳು ಇಕ್ಕಳ ಕಿತ್ತುಕೊಂಡಳಂತೆ. ಸಂಜೆ ಬರುವಾಗ ಅವಳ ಬೆರಳಿಗೆ ಮೋಟಾರಿನ ವಾರ್ನಿಷ್ ವಾಸನೆ ಇರುತ್ತಿತ್ತು. ಊಟದ ಹೊತ್ತಿನಲ್ಲಿ ಅವಳ ಅಮ್ಮ ಮೂಗು ಮುಚ್ಚಿಕೊಳ್ಳುತ್ತಿದ್ದಳು. "ಸೋಪ್ ಹಾಕಿ ತೊಳ್ಕೊಂಡೆ ಮಾ, ಹೋಗಲ್ಲ" ಎಂದು ಇವಳು ಅದೇ ಕೈಯಲ್ಲಿ ಅನ್ನ ಕಲಸುತ್ತಿದ್ದಳು. ಸುಟ್ಟ ಕಾಯಿಲನ್ನು ಕತ್ತರಿಸಿ ಎಸೆಯಲು ಮಾಸ್ತರು ಬಿಡುತ್ತಿರಲಿಲ್ಲವಂತೆ. ಒಂದೊಂದೇ ಸುತ್ತು ಬಿಚ್ಚಿ ಎಣಿಸಬೇಕಂತೆ. "ಎಣಿಸದೆ ಬಿಚ್ಚಿದ್ರೆ ವಾಪಸ್ ಸುತ್ತುವಾಗ ಯಾರನ್ನ ಕೇಳ್ತೀಯ ಅಂತಾರೆ ಪ್ಪಾ" ಎಂದು ಅವರ ಹಾಗೆಯೇ ಕನ್ನಡಕ ಏರಿಸುವ ನಟನೆ ಮಾಡಿ ತೋರಿಸುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಮೋಟಾರು ನಿಂತಿತು. ರಿಪೇರಿಯವನು ಊರಿನಲ್ಲಿರಲಿಲ್ಲ. ಮಗಳು ಮೇನ್ ಆಫ್ ಮಾಡಿ ಸ್ಟಾರ್ಟರ್ ಪೆಟ್ಟಿಗೆ ತೆರೆದು, ಕರಕಲಾಗಿದ್ದ ಒಂದು ತುಂಡನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಳು. "ಇಂಥದ್ದೇ ತರಬೇಕು" ಎಂದಳು. ನಾನು ಅಂಗಡಿಗೆ ಹೋಗಿ ತಂದೆ. ಎರಡನೇ ಮಹಡಿಯ ಅಜ್ಜಿಯಿಂದ ಹಿಡಿದು ಎಲ್ಲರೂ ಬಕೆಟ್ ಹಿಡಿದು ಸುತ್ತ ನಿಂತು ನೋಡುತ್ತಿದ್ದರು. ಟ್ಯಾಂಕಿಗೆ ನೀರು ಬೀಳುವ ಸದ್ದು ಕೇಳಿದಾಗಲೂ ಅವಳು ನಗಲಿಲ್ಲ. ಪೆಟ್ಟಿಗೆ ಮುಚ್ಚಿ ಕೈ ಒರೆಸಿಕೊಂಡಳು. ಆಗ ನನಗೆ ಮೊದಲ ಬಾರಿಗೆ ಹೆದರಿಕೆಯಾಯಿತು. ಇದು ಒಂದು ವರ್ಷದಲ್ಲಿ ತೀರುವ ಆಸೆಯಲ್ಲ ಎಂದು ಅರ್ಥವಾಯಿತು. ಅವತ್ತಾದರೂ ಹೇಳಬಹುದಿತ್ತು. ವರ್ಷದ ಅರ್ಧ ಉಳಿದಿತ್ತು.

ಬೇಸಿಗೆಗೆ ಮಾಸ್ತರು ನಿವೃತ್ತರಾದರು. ಮಕ್ಕಳು ಒಂದು ಶಾಲು ಹೊದಿಸಿದರು. ಮಗಳು ಹಟ ಮಾಡಿದಳೆಂದು ನಾನೂ ಹೋಗಿದ್ದೆ. ಅವರು ನನ್ನ ಕೈ ಹಿಡಿದು "ನಲ್ಲ ಕೈ ಸಾರ್, ಉಂಗ ಪೊಣ್ಣುಕ್ಕು" ಎಂದರು. ನಿಮ್ಮ ಹುಡುಗಿಯದು ಒಳ್ಳೆಯ ಕೈ. ಮುಂದಿನ ವಾರ ತಿರುನೆಲ್ವೇಲಿಯ ಕಡೆ, ತಮ್ಮೂರಿಗೆ ಹೋಗುವವರಿದ್ದರು.

ಜೂನಿನಲ್ಲಿ ಶಾಲೆ ತೆರೆಯಿತು. ಹೊಸ ಮಾಸ್ತರು ಬರಲಿಲ್ಲ. ವರ್ಕ್‌ಶಾಪಿನ ಬೀಗದ ಕೈಗೆ ಜವಾಬ್ದಾರರು ಯಾರೂ ಇಲ್ಲವೆಂದು ಅದನ್ನು ತೆರೆಯಲಿಲ್ಲ. ಹತ್ತು ಮಕ್ಕಳನ್ನು ಲೈಬ್ರರಿಯಲ್ಲಿ ಕೂರಿಸಿದರು. ಫಿಸಿಕ್ಸ್ ಟೀಚರು ಬಿಡುವಿದ್ದಾಗ ಬಂದು ಪುಸ್ತಕದಿಂದ ಓದಿ ಹೇಳಿ ಹೋಗುತ್ತಿದ್ದರು. ಮಗಳು ದಿನವೂ "ಮುಂದಿನ ವಾರ ಬರ್ತಾರಂತೆ" ಎನ್ನುತ್ತಿದ್ದಳು. ಜುಲೈ ಮುಗಿಯುವಾಗ ಹಾಗೆನ್ನುವುದನ್ನೂ ನಿಲ್ಲಿಸಿದಳು. ನಾನು ರಜೆ ಹಾಕಿ ಹೆಡ್‌ಮಾಸ್ಟರನ್ನು ನೋಡಲು ಹೋದೆ.

"ಈಗ ಅವಳನ್ನ ಫಸ್ಟ್ ಗ್ರೂಪಿಗೆ ಹಾಕಿಬಿಡಿ" ಎಂದು ಕೇಳಿದೆ.

ಅವರು ಆಶ್ಚರ್ಯದಿಂದ ನನ್ನನ್ನೇ ನೋಡಿದರು. ಪ್ಲಸ್ ಒನ್, ಅಂದರೆ ಹನ್ನೊಂದನೇ ಕ್ಲಾಸಿನ ಪರೀಕ್ಷೆ ಒಂದು ಗ್ರೂಪಿನಲ್ಲಿ ಬರೆದವರು ಪ್ಲಸ್ ಟೂನಲ್ಲಿ ಇನ್ನೊಂದಕ್ಕೆ ಹೋಗಲಾಗದು ಎಂದು ಹೇಳಿ, "ಅಡ್ಮಿಷನ್ ಅನ್ನಿಕ್ಕೇ ಉಂಗಕಿಟ್ಟ ಸೊನ್ನೇನೇ ಸಾರ್" ಎಂದರು. ಸೇರಿಸಿದ ದಿನವೇ ನಿಮಗೆ ಹೇಳಿದ್ದೆನಲ್ಲ. ಮಾಸ್ತರು ಹೋಗ್ತಾರೆ, ಇನ್ನೊಬ್ಬರು ಬರೋದು ಕಷ್ಟ ಅಂತ ಹೇಳಿದ್ದೆನಲ್ಲ.

ಅವರ ಕಣ್ಣು ನನ್ನ ಬೆನ್ನ ಹಿಂದೆ ಹೋಯಿತು. ತಿರುಗಿ ನೋಡಿದೆ. ಬಾಗಿಲಲ್ಲಿ ಮಗಳು ನಿಂತಿದ್ದಳು. ಮಾಸ್ತರು ಬೇಕೆಂದು ಹತ್ತು ಮಕ್ಕಳೂ ಸಹಿ ಹಾಕಿದ ಅರ್ಜಿ ಅವಳ ಕೈಯಲ್ಲಿತ್ತು. ಒಳಗೆ ಬಂದು ಅದನ್ನು ಮೇಜಿನ ಮೇಲಿಟ್ಟಳು. "ಥ್ಯಾಂಕ್ಯೂ ಸರ್" ಎಂದು ಹೊರಟಳು.

ಸಂಜೆ ಶಾಲೆಯ ಗೇಟಿನಲ್ಲಿ ಕಾದಿದ್ದೆ. ಬಸ್ ಸ್ಟಾಪಿನವರೆಗೆ ಅವಳು ನನ್ನ ಮುಂದೆ ಮುಂದೆ ನಡೆದಳು. ಅಲ್ಲಿ ಕೂತ ಮೇಲೆ ಕೇಳಿದಳು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾಕೆ ಹೇಳ್ಲಿಲ್ಲ?"

"ನೀನು ಬೇಜಾರು ಮಾಡ್ಕೋತೀಯ ಅಂತ..."

"ಪೊಯ್" ಎಂದಳು. ಸುಳ್ಳು. ದನಿ ಏರಿಸದೆ, ರಸ್ತೆಯ ಕಡೆ ನೋಡುತ್ತಾ ಹೇಳಿದ ಒಂದೇ ಪದ. ಬಸ್ಸೊಂದು ಬಂದು ಹೋಯಿತು. ನಾವು ಏಳಲಿಲ್ಲ.

"ಇನ್ನೊಂದು ಸ್ಕೂಲ್ ಇತ್ತು ಅಪ್ಪಾ. ಗೌರ್ಮೆಂಟ್ ಸ್ಕೂಲು, ಬಸ್ಸಲ್ಲಿ ಒಂದು ಗಂಟೆ. ಎಲೆಕ್ಟ್ರಿಕಲ್‌ಗೆ ಎರಡು ಟೀಚರ್ಸ್. ನಾನು ಫಾರ್ಮ್ ಕೂಡ ತಂದಿದ್ದೆ. ದೂರ ಅಂತ ನೀವು ಭಯ ಪಡ್ತೀರಾಂತ ಇದಕ್ಕೆ ಬಂದೆ."

ಅವಳು ನನಗೆ "ನೀನು" ಎನ್ನುತ್ತಿದ್ದವಳು. ನಮ್ಮ ಮನೆಯಲ್ಲಿ ಮಕ್ಕಳು ಅಪ್ಪನಿಗೆ ಹಾಗೆನ್ನುವುದೇ ರೂಢಿ. ಆ ಸಂಜೆ "ನೀವು" ಎಂದಾಗ ಅಮ್ಮನನ್ನೂ ಸೇರಿಸಿ ಹೇಳುತ್ತಿದ್ದಾಳೆ ಎಂದುಕೊಂಡೆ. ಅಲ್ಲ ಎಂದು ಮಾರನೆಯ ದಿನ ಗೊತ್ತಾಯಿತು. ಅಂದಿನಿಂದ ನನಗೆ ಬಹುವಚನವೇ. ಕೇಳಿದವರು ಎಷ್ಟು ಮರ್ಯಾದೆಯ ಹುಡುಗಿ ಎನ್ನುತ್ತಾರೆ.

ಹೆಂಡತಿಗೆ ನಾನೇ ಎಲ್ಲ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು, ಕೈ ನಿಂತಿತು. "ನನಗಾದ್ರೂ ಹೇಳಬಹುದಿತ್ತಲ್ರೀ" ಎಂದಳು. ಅಷ್ಟೇ. ಆಮೇಲೆ ಸೊಪ್ಪನ್ನು ಹಾಗೆಯೇ ಬಿಟ್ಟು ಎದ್ದು ಹೋದಳು.

ಸರಿಪಡಿಸಲು ಓಡಾಡಿದೆ. ಆ ಇನ್ನೊಂದು ಶಾಲೆಗೆ ಹೋದೆ. ಹನ್ನೆರಡನೇ ಕ್ಲಾಸಿನ ನಡುವೆ ಹೊರಗಿನವರನ್ನು ತೆಗೆದುಕೊಳ್ಳುವುದಿಲ್ಲ ಎಂದು ಅಲ್ಲಿನ ಹೆಡ್‌ಮಿಸ್ಟ್ರೆಸ್ ಮರುಕದಿಂದಲೇ ಹೇಳಿದರು. ಕಿಟಕಿಯಿಂದ ಅವರ ವರ್ಕ್‌ಶಾಪು ಕಾಣುತ್ತಿತ್ತು. ಏಪ್ರನ್ ಹಾಕಿದ ನಾಲ್ಕು ಹುಡುಗಿಯರು ಒಂದು ಮೋಟಾರಿನ ಸುತ್ತ ಬಗ್ಗಿ ನಿಂತಿದ್ದರು. ನಾನು ಕಣ್ಣು ಹೊರಳಿಸಿದೆ. ಹಳೆಯ ಮಾಸ್ತರಿಗೆ ಫೋನ್ ಮಾಡಿದೆ. ಮಂಡಿ ನೋವು, ಅಷ್ಟು ದೂರ ಬರಲಾಗದು ಎಂದರು. ಹುಡುಗಿ ಹೇಗಿದ್ದಾಳೆ ಎಂದು ಕೇಳಿದರು. ಚೆನ್ನಾಗಿದ್ದಾಳೆ ಎಂದೆ.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ವರ್ಕ್‌ಶಾಪಿನ ಬೀಗ ತೆಗೆದರು. ಮಳೆಗಾಲದಲ್ಲಿ ತಗಡು ಸೋರಿ ಮೋಟಾರುಗಳಿಗೆಲ್ಲ ತುಕ್ಕು ಹಿಡಿದಿತ್ತಂತೆ. ಹೊರಗಿನಿಂದ ಬಂದ ಪರೀಕ್ಷಕರು ಒಂದು ಸುತ್ತು ಹಾಕಿ, ಯಾರೂ ಏನನ್ನೂ ಮುಟ್ಟಬೇಡಿ, ವಿಧಾನ ಬರೆದು ಕೊಟ್ಟರೆ ಸಾಕು ಎಂದರಂತೆ. ಮಗಳು ಎದ್ದು ನಿಂತು, ನಾನು ವೈಂಡಿಂಗ್ ಮಾಡಿ ತೋರಿಸುತ್ತೇನೆ, ತಂತಿ ಮನೆಯಿಂದ ತಂದಿದ್ದೇನೆ ಎಂದಳಂತೆ. "ಎದುಕ್ಕುಮ್ಮಾ? ಎಲ್ಲಾರುಕ್ಕುಂ ಫುಲ್ ಮಾರ್ಕ್" ಎಂದು ಅವರು ನಕ್ಕರಂತೆ. ಯಾಕಮ್ಮಾ, ಎಲ್ಲರಿಗೂ ಪೂರ್ತಿ ಅಂಕ ಅಂತ. ಇದನ್ನೆಲ್ಲ ಅವಳು ಹೇಳಿದ್ದು ಅಮ್ಮನಿಗೆ. ನಾನು ಪಕ್ಕದ ಕೋಣೆಯಿಂದ ಕೇಳಿಸಿಕೊಂಡೆ. ಕೊನೆಗೆ ಅವಳು ಅತ್ತಳು. ಆ ಎರಡು ವರ್ಷಗಳಲ್ಲಿ ಅವಳು ಅತ್ತದ್ದು ಅದೊಂದೇ ಸಲ. ತಂದ ತಂತಿಯ ಸುರುಳಿಯನ್ನು ಬರುವ ದಾರಿಯಲ್ಲಿ ಬಸ್ಸಿನಲ್ಲೇ ಬಿಟ್ಟು ಬಂದಿದ್ದಳು.

ಆ ಅಂಕಗಳ ಮೇಲೆ ಪಾಲಿಟೆಕ್ನಿಕ್ಕಿನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದಿತ್ತು. ಅರ್ಜಿ ನಾನೇ ತಂದುಕೊಟ್ಟೆ. ಅವಳು ಅದನ್ನು ಓದಿ ಮಡಚಿ ವಾಪಸು ಕೊಟ್ಟಳು.

"ನಂಗೆ ಒಂದು ವರ್ಷದ ಕೆಲಸ ಬರುತ್ತೆ. ಸರ್ಟಿಫಿಕೇಟ್‌ನಲ್ಲಿ ಎರಡು ವರ್ಷದ್ದು ಬರುತ್ತೆ ಅಂತ ಇದೆ. ಅಲ್ಲಿ ಹೋಗಿ ಎಲ್ರ ಮುಂದೆ ಮೆಷಿನ್ ಹತ್ರ ನಿಂತ್ಕೊಂಡು ನಾನೇನ್ ಮಾಡ್ಲಿ?"

"ಕಲಿತ್ಕೋತೀಯ. ನಿನ್ನ ಕೈ ಒಳ್ಳೇದು ಅಂದಿದ್ರಲ್ಲ ಮಾಸ್ತರು."

"ಬೇಡ ಅಪ್ಪಾ. ಬಿಟ್ಬಿಡಿ."

ಬಿಟ್ಟೆ. ಅವಳು ಅಂಚೆ ಮೂಲಕ ಬಿ.ಕಾಂ. ಮುಗಿಸಿದಳು. ಈಗ ವೇಲಚೇರಿಯ ಒಂದು ಆಫೀಸಿನಲ್ಲಿ, ಬೇರೆ ಯಾವುದೋ ದೇಶದ ರೋಗಿಗಳ ಕಾಗದಪತ್ರಗಳನ್ನು ಕಂಪ್ಯೂಟರಿಗೆ ತುಂಬುತ್ತಾಳೆ. ಕೆಲಸ ಕೆಟ್ಟದ್ದೇನಲ್ಲ. ಮನೆಯಲ್ಲಿ ಏನಾದರೂ ಕೆಟ್ಟರೆ ಫೋನ್ ತೆಗೆದು ಆಳು ಕರೆಸುತ್ತಾಳೆ. ಅವನು ಕೆಲಸ ಮಾಡುವಾಗ ಇವಳು ಆ ಕೋಣೆಯಲ್ಲಿ ಇರುವುದಿಲ್ಲ.

ಕಳೆದ ಪೊಂಗಲ್ ರಜೆಯ ಒಂದು ಬೆಳಿಗ್ಗೆ ಅವಳು ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ನನಗೆ ನಿವೃತ್ತಿ ಹತ್ತಿರ ಬಂದಿತ್ತು. ಹೇಳದೆ ಉಳಿಸಿಕೊಂಡರೆ ಇನ್ನೆಂದೂ ಹೇಳಲಾರೆ ಎನ್ನಿಸಿತು. ಹೋಗಿ ಅವಳ ಎದುರು ಕೂತೆ.

"ಅವತ್ತು ನಿಂಗೆ ಬೇಜಾರಾಗುತ್ತೆ ಅಂತ ಅಲ್ಲ ನಾನು ಹೇಳದೇ ಇದ್ದಿದ್ದು. ಅದು ಮುಚ್ಚಿಹೋಗ್ಲಿ ಅಂತಲೇ ಕಾದಿದ್ದೆ. ತಪ್ಪು ಮಾಡ್ದೆ ಮಗಳೇ."

"ಗೊತ್ತು" ಎಂದಳು. "ಬಸ್ ಸ್ಟಾಪಲ್ಲೇ ಗೊತ್ತಾಯ್ತು."

"ನನ್ನ ಮೇಲೆ ಇನ್ನೂ ಕೋಪ ಇದ್ಯಾ?"

ಅವಳು ಯೋಚಿಸಿದಳು. ನನಗೆ ನೋವಾಗಲಿ ಎಂದು ಹುಡುಕಿದ ಉತ್ತರವಲ್ಲ ಅದು. ನಿಜವಾಗಿಯೂ ತನ್ನೊಳಗೆ ನೋಡಿಕೊಂಡು ಹೇಳಿದಳು. "ಇಲ್ಲಪ್ಪಾ. ಮುಂಚೆ ತುಂಬಾ ಇತ್ತು. ಈಗ ಕೋಪ ಇಲ್ಲ. ಅದರ ಬಗ್ಗೆ ಆಸೆನೂ ಇಲ್ಲ. ಏನೂ ಇಲ್ಲ."

ಇಸ್ತ್ರಿಯನ್ನು ಆರಿಸಿ, ದುಪಟ್ಟಾ ಮಡಚಿ, ನನಗೆ ಕಾಫಿ ಬೇಕೇ ಎಂದು ಕೇಳಿದಳು. ಬೇಡ ಎಂದೆ. ಒಳಗಿನಿಂದ ಹೆಂಡತಿ, ಏನಂದ್ಲು ಎಂದು ಸನ್ನೆಯಲ್ಲೇ ಕೇಳಿದಳು. ನಾನು ಇಸ್ತ್ರಿಯ ವಯರನ್ನು ಸುತ್ತುತ್ತಾ ಅಲ್ಲೇ ಕೂತಿದ್ದೆ.